ಹಾಡು ಹಂಚಿ, ಹೆಸರು ನುಂಗಬೇಡಿ!

ಗೆಳೆಯರೇ, ನಿಮ್ಮಲ್ಲಿ ಬ್ಲೂಸ್ ಕೇಳುವವರಿದ್ದೀರಿ, ನನಗೆ ಗೊತ್ತು. ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಇಷ್ಟದ ರೆಕಾರ್ಡನ್ನು ಬೀರುವಿನಲ್ಲಿಟ್ಟು ಬೀಗ ಜಡಿಯುವವನು ರಸಿಕನಲ್ಲ, ಜಿಪುಣ. ಹಾಡನ್ನು ಹತ್ತು ಜನಕ್ಕೆ ಕೇಳಿಸಿ, ಹಾಡಿದವರ ಹೆಸರನ್ನು ಮಾತ್ರ ನುಂಗುವವನು ಅವನಿಗಿಂತ ಕಡೆ!

ಈ ಸಂಗೀತ ಯಾರದು? ಅಮೆರಿಕದ ದಕ್ಷಿಣದಲ್ಲಿ, ಮಿಸಿಸಿಪ್ಪಿಯಂಥ ಕಡೆ ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನರದು. ಪುಸ್ತಕದ ಇಂಗ್ಲಿಷನ್ನು ಅವರು ಕಾಯಲಿಲ್ಲ. ತಮ್ಮ ಬಾಯಿಗೆ ಬಂದ ಆಡುಮಾತಿನಲ್ಲೇ ಹಾಡಿದರು. 1920ರಲ್ಲಿ ಮೇಮಿ ಸ್ಮಿತ್ ಹಾಡಿದ 'ಕ್ರೇಜಿ ಬ್ಲೂಸ್' ಭರ್ಜರಿಯಾಗಿ ಮಾರಾಟವಾದಾಗ ಕಂಪನಿಗಳ ಕಣ್ಣು ತೆರೆಯಿತು. ಆದರೆ ಹೇಗೆ ಮಾರಿದರು? 'ರೇಸ್ ರೆಕಾರ್ಡ್ಸ್' ಅಂತ ಬೇರೆ ಪಂಕ್ತಿ ಹಾಕಿ! ಪಂಕ್ತಿಭೇದ ನಮ್ಮಲ್ಲಿ ಮಾತ್ರ ಇದೆ ಅಂದುಕೊಂಡಿದ್ದಿರಾ?

ಪ್ಯಾರಾಮೌಂಟ್ ರೆಕಾರ್ಡುಗಳನ್ನು ತೆಗೆದದ್ದು ಕುರ್ಚಿ ಮಾಡುವ ಕಂಪನಿ, ವಿಸ್ಕಾನ್ಸಿನ್ ಚೇರ್ ಕಂಪನಿ. ಅಗ್ಗದ ಮಾಲು, ಮುಳ್ಳಿಟ್ಟರೆ ಕರಕರ ಸದ್ದು. ಆ ಕಾಲದ ಪ್ಲೇಟುಗಳಿಗೆ ಬೇಕಾದ ಅರಗು ಹೆಚ್ಚಾಗಿ ಹೋಗುತ್ತಿದ್ದದ್ದು ಭಾರತದಿಂದ. 1930ರ ದಶಕದ ಆರಂಭದಲ್ಲೇ ಆ ವ್ಯಾಪಾರ ಮುಚ್ಚಿತು. ಸನ್ ಹೌಸ್ 1930ರಲ್ಲಿ ಅವರಿಗೆ ಹಾಡಿಕೊಟ್ಟ 'ಕ್ಲಾರ್ಕ್ಸ್‌ಡೇಲ್ ಮೋನ್' ದಶಕಗಳ ಕಾಲ ಯಾರಿಗೂ ಸಿಗಲಿಲ್ಲ. ಕೊನೆಗೊಂದು ಪ್ರತಿ ಸಿಕ್ಕಿ, 2006ರಲ್ಲಿ ಸಿ.ಡಿ.ಯಾಗಿ ಲೋಕಕ್ಕೆ ಕೇಳಿಸಿತು. ಉಳಿಸಿದ್ದು ಕಂಪನಿಯಲ್ಲ, ಹುಡುಕಿದ ಹುಚ್ಚರು.

ಮಿಸಿಸಿಪ್ಪಿ ಜಾನ್ ಹರ್ಟ್ ಕಥೆ ಕೇಳಿ. 1928ರಲ್ಲಿ ಓಕೆ ಕಂಪನಿಗೆ ಹಾಡಿ ಹಳ್ಳಿಗೆ ಮರಳಿದ, ಮತ್ತೆ ಹೊಲದ ಕೆಲಸ. ಮೂವತ್ತೈದು ವರ್ಷ ಹೊರಗಿನವರು ಯಾರೂ ಅವನನ್ನು ಕೇಳಲಿಲ್ಲ. ಅವನ ಹಾಡೊಂದರಲ್ಲಿ ಅವಲಾನ್ ಅನ್ನೋ ಊರ ಹೆಸರಿತ್ತು. ಸಂಗ್ರಾಹಕರ ಕೈಯಿಂದ ಕೈಗೆ ದಾಟಿ ಬಂದ ಆ ಹಾಡಿನ ಜಾಡು ಹಿಡಿದು 1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ಯುವಕ ಹೊರಟ. ಮುದುಕ ಸಿಕ್ಕೇಬಿಟ್ಟ! ಅದೇ ವರ್ಷ ನ್ಯೂಪೋರ್ಟ್ ಉತ್ಸವದ ವೇದಿಕೆ ಹತ್ತಿಸಿದರು. 1966ರಲ್ಲಿ ತೀರಿಹೋದ. ರೆಕಾರ್ಡು ಬೀಗದೊಳಗಿದ್ದಿದ್ದರೆ ಆ ಮೂರು ವರ್ಷವೂ ಅವನಿಗೆ ದಕ್ಕುತ್ತಿರಲಿಲ್ಲ.

ಇನ್ನೊಂದು ಕಡೆ ನೋಡಿ. 1961ರಲ್ಲಿ ಇಂಗ್ಲೆಂಡಿನ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಮಿಕ್ ಜಾಗರ್ ಕಂಕುಳಲ್ಲಿ ಚಕ್ ಬೆರ್ರಿ, ಮಡ್ಡಿ ವಾಟರ್ಸ್ ರೆಕಾರ್ಡುಗಳಿದ್ದವು. ಕೀತ್ ರಿಚರ್ಡ್ಸ್ ಕಣ್ಣು ಅವುಗಳ ಮೇಲೆ ಬಿತ್ತು, ಮಾತು ಬೆಳೆಯಿತು. ಅವರು ಕಟ್ಟಿದ ತಂಡದ ಹೆಸರೂ ಮಡ್ಡಿಯ 1950ರ ಹಾಡಿನಿಂದ ಬಂದದ್ದೇ. ಅವರು ಅದನ್ನು ಮುಚ್ಚಿಡಲಿಲ್ಲ.

ಎಲ್ಲರೂ ಹಾಗಿರಲಿಲ್ಲ. ವಿಲ್ಲಿ ಡಿಕ್ಸನ್ ಬರೆದು ಮಡ್ಡಿ ಹಾಡಿದ 'ಯು ನೀಡ್ ಲವ್' ಹಾಡಿನ ಸರಕು 1969ರಲ್ಲಿ ಲೆಡ್ ಜೆಪ್ಪೆಲಿನ್‌ನ 'ಹೋಲ್ ಲಾಟಾ ಲವ್'ನಲ್ಲಿ ಕಾಣಿಸಿತು. ಡಿಕ್ಸನ್ ಹೆಸರು ಮಾತ್ರ ಮಾಯ! ಅವನು 1985ರಲ್ಲಿ ಕೋರ್ಟು ಹತ್ತಿದ, 1987ರಲ್ಲಿ ರಾಜಿಯಾಯಿತು. ಆಮೇಲೆ ಹೆಸರು ಸೇರಿತು.

ನಾನು ಪಿಯುಸಿ ಮುಗಿಸಿ ಪ್ರೆಸ್ಸಿಗೆ ಇಳಿದವನು. ಮದುವೆ ಕರೆಯೋಲೆಯಲ್ಲಿ ಒಂದು ಹೆಸರು ಬಿಟ್ಟರೆ ಬೀಗರ ನಡುವೆ ಜಗಳ. ರೆಕಾರ್ಡಿನ ಲೇಬಲ್ಲಿನಲ್ಲಿ ಒಂದು ಹೆಸರು ಬಿಟ್ಟರೆ ಒಬ್ಬನ ಅನ್ನವೇ ಹೋಗುತ್ತದೆ. ಆ ಸಣ್ಣ ಅಕ್ಷರ ಸಣ್ಣ ವಿಷಯವಲ್ಲ.

ನನ್ನ ಪಟ್ಟಿ ಇಷ್ಟು: ಬೆಸ್ಸಿ ಸ್ಮಿತ್ 1923ರಲ್ಲಿ ಹಾಡಿದ 'ಡೌನ್‌ಹಾರ್ಟೆಡ್ ಬ್ಲೂಸ್'. ಈ ಮಹಾತಾಯಿ 1937ರಲ್ಲಿ ತೀರಿಕೊಂಡರೂ ಸಮಾಧಿಗೆ ಹೆಸರಿನ ಕಲ್ಲು ಬಿದ್ದದ್ದು 1970ರಲ್ಲಿ. ಕಾಸು ಹಾಕಿದವರಲ್ಲಿ ಗಾಯಕಿ ಜಾನಿಸ್ ಜಾಪ್ಲಿನ್ ಒಬ್ಬಳು. ಆಮೇಲೆ ಜಾನ್ ಹರ್ಟ್‌ನ 1928ರ ಹಾಡುಗಳು. ಇಪ್ಪತ್ತೇಳಕ್ಕೇ ಸತ್ತ ರಾಬರ್ಟ್ ಜಾನ್ಸನ್ ಬಿಟ್ಟುಹೋದ ಇಪ್ಪತ್ತೊಂಬತ್ತು ಹಾಡುಗಳು. ಕಡೆಗೆ ಬಿ.ಬಿ. ಕಿಂಗ್‌ನ 'ಲೈವ್ ಅಟ್ ದ ರೀಗಲ್', 1964ರಲ್ಲಿ ಶಿಕಾಗೋದಲ್ಲಿ ಜನರ ಎದುರು ಹಾಡಿದ್ದು. ಆ ಜನರ ಕೂಗೂ ಸಂಗೀತವೇ!

ಈಗ ನಿಮ್ಮ ಸರದಿ. ಮೊಬೈಲಿನಲ್ಲಿ ಗೆಳೆಯನಿಗೆ ಹಾಡು ಕಳಿಸುವಾಗ ಮೂರು ವಿಷಯ ಬರೆಯಿರಿ: ಹಾಡಿದವರು ಯಾರು, ಬರೆದವರು ಯಾರು, ಯಾವ ವರ್ಷ. ಖರ್ಚು ಒಂದು ಸಾಲು. ಅಷ್ಟೂ ಮಾಡದವರು ರಸಿಕ ಅನ್ನೋ ಬಿರುದು ಇಟ್ಟುಕೊಳ್ಳಬೇಡಿ.