ಅಂಗಡಿ ಮುಂದಿನ ಜಾಗ ಯಾರದು?



ಕತಾರಿನಲ್ಲಿ ಚಳಿ ಬಂತೆಂದರೆ ಕ್ಯಾಂಪಿಂಗ್ ಸೀಸನ್. ಸಾಮಾನ್ಯವಾಗಿ ನವೆಂಬರಿನಿಂದ ಏಪ್ರಿಲ್‌ವರೆಗೆ ಪರ್ಮಿಟ್ ಪಡೆದವರು ಸೀಲೈನ್, ಖೋರ್ ಅಲ್ ಉದೈದ್ ಕಡೆ ಡೇರೆ ಹಾಕುತ್ತಾರೆ. ಸಂತೋಷ. ಆದರೆ ಅವರ ಕ್ಯಾರವಾನ್, ದೋಣಿ ಹೊತ್ತ ಟ್ರೇಲರ್‌ಗಳು ಅಂಗಡಿಗಳ ಪಾರ್ಕಿಂಗ್‌ನಲ್ಲೇ ರಾತ್ರಿ ಬೀಡುಬಿಟ್ಟರೆ, ಗುರುವಾರ ಸಂಜೆ ಮಕ್ಕಳನ್ನು ಕಟ್ಟಿಕೊಂಡು ವಾರದ ಸಾಮಾನಿಗೆ ಹೋಗುವವರಿಗೆ ಜಾಗ ಎಲ್ಲಿ?

"ಅಮೆರಿಕದಲ್ಲಿ ವಾಲ್‌ಮಾರ್ಟ್‌ನವರು ಬಿಡ್ತಾರಲ್ಲ" ಎನ್ನುವವರುಂಟು. ನಿಜ, ಎಷ್ಟೋ ಕಡೆ ಬಿಡುತ್ತಾರೆ. ಆದರೆ ಅಲ್ಲೂ ಆಯಾ ಅಂಗಡಿಯ ಮ್ಯಾನೇಜರ್ ಒಪ್ಪಬೇಕು. ಊರಿನ ಕಾನೂನು ಬೇಡವೆಂದರೆ ಮುಗಿಯಿತು. ಸಾವಿರಾರು ಮೈಲಿ ಓಡಿಸುವವರಿಗೆ ಒಂದು ರಾತ್ರಿಯ ನಿದ್ದೆ ಬೇಕೇ ಬೇಕು. ನಮ್ಮ ಕತಾರ್ ತುದಿಯಿಂದ ತುದಿಗೆ ಸುಮಾರು 160 ಕಿಲೋಮೀಟರ್ ಅಷ್ಟೇ! ಇಲ್ಲಿ ಅಂಗಡಿ ಮುಂದೆ ಉಳಿಯುವುದು ದಣಿದ ಪ್ರಯಾಣಿಕನಲ್ಲ, ಖಾಲಿ ಗಾಡಿ. ಆದ್ದರಿಂದ ರಾತ್ರಿ ಪಾರ್ಕಿಂಗ್ ನಿಷೇಧ ಸರಿಯೆಂದೇ ನನ್ನ ಅಭಿಪ್ರಾಯ.

ನನ್ನ ತಕರಾರು ಇರುವುದು ಅದನ್ನು ಜಾರಿಗೆ ತರುವ ರೀತಿಯ ಬಗ್ಗೆ. ರಾತ್ರಿ ಪಾಳಿಯಲ್ಲಿ ನಿಂತಿರುವವನು ಒಬ್ಬ ಸೆಕ್ಯೂರಿಟಿ. ನಮ್ಮ ಹಾಗೆಯೇ ಮನೆಬಿಟ್ಟು ಬಂದವನು, ಸಂಬಳ ಮಾತ್ರ ನಮ್ಮಷ್ಟಿಲ್ಲ. ದೊಡ್ಡ ಗಾಡಿಯವರಿಗೆ "ತೆಗೆಯಿರಿ" ಎಂದರೆ ಬೈಗುಳ, ಹೇಳದಿದ್ದರೆ ಮೇಲಿನವರಿಂದ ಬೈಗುಳ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಅಂಗಡಿಯವರು ಎಷ್ಟು ಗಂಟೆಯವರೆಗೆ ನಿಲ್ಲಿಸಬಹುದು ಎಂದು ಅರಬ್ಬಿ, ಇಂಗ್ಲಿಷ್, ಹಿಂದಿಯಲ್ಲಿ ದೊಡ್ಡ ಬೋರ್ಡು ಹಾಕಲಿ. ಸೆಕ್ಯೂರಿಟಿ ಬರೀ ನಂಬರ್ ಬರೆದುಕೊಂಡು ಚೀಟಿ ಅಂಟಿಸಲಿ. ಗಾಡಿಯವರ ಜೊತೆ ಮಾತುಕತೆ, ಎತ್ತಂಗಡಿ ಎಲ್ಲ ಮ್ಯಾನೇಜರ್ ಮತ್ತು ಸಂಬಂಧಪಟ್ಟ ಅಧಿಕಾರಿಗಳ ಜವಾಬ್ದಾರಿ ಆಗಲಿ. ರಸ್ತೆ, ಮೈದಾನಗಳಲ್ಲಿ ಬಿಟ್ಟುಹೋದ ವಾಹನಗಳಿಗೆ 2017ರ 18ನೇ ಸಾರ್ವಜನಿಕ ನೈರ್ಮಲ್ಯ ಕಾನೂನು ಇದ್ದೇ ಇದೆ. ಬಲದಿಯಾದವರು ನೋಟಿಸ್ ಅಂಟಿಸಿ ಎತ್ತಿಕೊಂಡು ಹೋಗುತ್ತಾರೆ.

ಹಾಂ, ಬರೀ ಕ್ಯಾರವಾನಿನವರನ್ನು ದೂರಿದರೆ ಸಾಲದು. ಬೇಸಿಗೆ ರಜೆಗೆ ಊರಿಗೆ ಹೊರಟಾಗ ಕಾರನ್ನು ಮಾಲ್ ಮುಂದೆ ಬಿಟ್ಟು, ಎರಡು ತಿಂಗಳು ಧೂಳು ತಿನ್ನಿಸುವವರು ನಮ್ಮಲ್ಲೂ ಇದ್ದಾರೆ. ಒಂದು ರಾತ್ರಿಯ ಕ್ಯಾರವಾನಿಗಿಂತ ಅರವತ್ತು ರಾತ್ರಿಯ ಕರೋಲ ಹೇಗೆ ಮೇಲು? ನಿಯಮ ಇಬ್ಬರಿಗೂ ಒಂದೇ ಇರಲಿ. ಈ ಸಲ ಹೊರಡುವ ಮುಂಚೆ ಸ್ನೇಹಿತರ ವಿಲ್ಲಾದ ಅಂಗಳದಲ್ಲೋ, ಬಿಲ್ಡಿಂಗ್ ಬೇಸ್‌ಮೆಂಟಿನಲ್ಲೋ ಜಾಗ ಕೇಳಿಕೊಳ್ಳೋಣ. ಕೀಲಿಯನ್ನೂ ಅವರ ಕೈಗೇ ಕೊಟ್ಟು ಹೋಗೋಣ.

ಏನಂತೀರಿ?