ದವಡೆ ಬಿಗಿತಕ್ಕೆ ಬೊಟಾಕ್ಸ್: ಮುದನಾಳದಲ್ಲಿ ಕೇಳಬೇಕಾದ ಪ್ರಶ್ನೆಗಳು

ನಿದ್ದೆಯಲ್ಲಿ ಹಲ್ಲು ಕಡಿಯೋರಿಗೆ, ಬೆಳಿಗ್ಗೆ ಏಳುವಾಗ ದವಡೆ ಹಿಡಿದುಕೊಂಡಿರೋರಿಗೆ ಬೊಟಾಕ್ಸ್ ಇಂಜೆಕ್ಷನ್ ಕೊಡ್ತೀವಿ ಅನ್ನುವ ದೊಡ್ಡೂರಿನ ಕ್ಲಿನಿಕ್‌ಗಳ ರೀಲ್ಸ್ ಈಗ ಯಾದಗಿರಿಯ ಮೊಬೈಲುಗಳಲ್ಲೂ ಓಡುತ್ತಿವೆ. ಹತ್ತು ನಿಮಿಷದ ಕೆಲಸ, ಜೊತೆಗೆ ಮುಖವೂ ಸಣ್ಣಗಾಗುತ್ತೆ ಅನ್ನೋದು ಆಮಿಷ. ಈ ಚಿಕಿತ್ಸೆ ಮೋಸ ಅಲ್ಲ. ಆದರೆ ಯಾರಿಗೆ ಬೇಕು, ಅದಕ್ಕೂ ಮೊದಲು ಏನಾಗಬೇಕು ಅನ್ನೋದನ್ನು ಜಾಹೀರಾತು ಹೇಳುವುದಿಲ್ಲ.

ಬೊಟುಲಿನಂ ಟಾಕ್ಸಿನ್ ಬ್ಯಾಕ್ಟೀರಿಯಾವೊಂದು ತಯಾರಿಸುವ ವಿಷ. ಅತ್ಯಲ್ಪ ಪ್ರಮಾಣದಲ್ಲಿ ಅಗಿಯುವ ಸ್ನಾಯುವಿಗೆ ಚುಚ್ಚಿದರೆ, ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಸ್ನಾಯು ಸಡಿಲವಾಗುತ್ತೆ, ಕಚ್ಚುವ ಬಲ ತಗ್ಗುತ್ತೆ, ಎಷ್ಟೋ ಜನರಿಗೆ ನೋವೂ ಇಳಿಯುತ್ತೆ. ಎಂಜಿನಿಯರಿಂಗ್ ಓದಿದವನಾಗಿ ನನಗೆ ಇದು ಕಾಣೋದು ಹೀಗೆ: ಸದ್ದು ಮಾಡುವ ಯಂತ್ರದ ವೇಗ ಇಳಿಸಿದಂತೆ. ಸವೆತ ಕಡಿಮೆಯಾಗುತ್ತೆ, ಸದ್ದಿನ ಕಾರಣ ಒಳಗೇ ಉಳಿಯುತ್ತೆ. ಪರಿಣಾಮ ಇರೋದು ಮೂರ್ನಾಲ್ಕು ತಿಂಗಳು. ಅಂದರೆ ವರ್ಷಕ್ಕೆ ಮೂರ್ನಾಲ್ಕು ಸಲ ಖರ್ಚು, ಮೂರ್ನಾಲ್ಕು ಸಲ ಪ್ರಯಾಣ. ದಿನಗೂಲಿಯವರಿಗೆ ಅಷ್ಟು ದಿನದ ಕೂಲಿಯೂ ಹೋಯ್ತು.

ಅಮೆರಿಕದ ಎಫ್‌ಡಿಎ ಈ ಔಷಧಿಯನ್ನು 1989ರಲ್ಲಿ ಮೆಳ್ಳಗಣ್ಣು ಮತ್ತು ರೆಪ್ಪೆಯ ಸೆಳೆತಕ್ಕೆ, 2002ರಲ್ಲಿ ಹುಬ್ಬುಗಳ ನಡುವಿನ ಗೆರೆಗೆ, 2010ರಲ್ಲಿ ದೀರ್ಘಕಾಲದ ಮೈಗ್ರೇನಿಗೆ ಒಪ್ಪಿತು. ಹಲ್ಲು ಕಡಿಯುವ ಸಮಸ್ಯೆಗೆ ಅದು ಅನುಮೋದನೆ ಕೊಟ್ಟಿಲ್ಲ. ವೈದ್ಯರು ತಮ್ಮ ವಿವೇಚನೆಯ ಮೇಲೆ ಬಳಸುತ್ತಾರೆ. ಅದು ತಪ್ಪಲ್ಲ, ಆದರೆ ರೋಗಿಗೆ ಮೊದಲೇ ಗೊತ್ತಿರಬೇಕು. ಅಗಿಯುವ ಶಕ್ತಿ ಕುಂದಬಹುದು, ನಗು ಸೊಟ್ಟ ಆಗಬಹುದು. ಗರ್ಭಿಣಿಯರಿಗೆ, ನರ-ಸ್ನಾಯು ಕಾಯಿಲೆ ಇರುವವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ.

ನಮ್ಮ ಕಡೆ "ನಿದ್ದಿಯಾಗ ಹಲ್ಲ ಕಡೀತಾನ, ಹೊಟ್ಟ್ಯಾಗ ಜಂತು ಆಗ್ಯಾವ" ಅನ್ನೋದೇ ಮೊದಲ ಡಯಾಗ್ನೋಸಿಸ್. ವೈದ್ಯಶಾಸ್ತ್ರ ಬೇರೆ ಕಾರಣಗಳನ್ನು ನೋಡುತ್ತದೆ: ಚಿಂತೆ, ಒತ್ತಡ, ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಅಪ್ನಿಯ, ತಂಬಾಕು, ಮದ್ಯ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು. ಕಾರಣ ಅಪ್ನಿಯ ಆಗಿದ್ದರೆ, ದವಡೆಗೆ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸೋದು ಅಪಾಯದ ಗಂಟೆಯ ಸದ್ದನ್ನಷ್ಟೇ ಅಡಗಿಸಿದಂತೆ.

ಈ ಭಾಗಕ್ಕೆ ಇನ್ನೊಂದು ಗಂಭೀರ ವಿಚಾರ ಇದೆ. ದವಡೆ ಬಿಗಿತವೆಲ್ಲ ಸ್ನಾಯುವಿನದ್ದಲ್ಲ. ಗುಟ್ಕಾ, ಅಡಿಕೆ ಅಗಿಯುವವರಲ್ಲಿ ಬಾಯೊಳಗಿನ ಪೊರೆ ಗಟ್ಟಿಯಾಗಿ, ಬಾಯಿ ತೆರೆಯಲಾಗದ ಸ್ಥಿತಿ ಬರುತ್ತದೆ. ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನೋ ಇದು ಕ್ಯಾನ್ಸರಿಗೆ ತಿರುಗಬಹುದಾದ ಕಾಯಿಲೆ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಅಗಿಯೋದು ನಿಂತಿಲ್ಲ ಅನ್ನೋದಕ್ಕೆ ಬಸ್ ನಿಲ್ದಾಣದ ಗೋಡೆಗಳೇ ಸಾಕ್ಷಿ. ಖಾರ ತಿಂದರೆ ಬಾಯಿ ಉರಿಯುತ್ತೆ, ಬಾಯಿ ಪೂರ್ತಿ ತೆರೆಯೋಕಾಗಲ್ಲ ಅನ್ನುವವರಿಗೆ ಬೇಕಿರೋದು ಬಾಯೊಳಗಿನ ತಪಾಸಣೆ. ಬೊಟಾಕ್ಸ್ ಹಿಂದೆ ಓಡಿದರೆ ಕಳೆದುಹೋಗುವುದು ಹಣ ಮಾತ್ರವಲ್ಲ, ಚಿಕಿತ್ಸೆಯ ಸಮಯವೂ ಹೌದು.

ಔಷಧಿಯ ಗುಣಮಟ್ಟದ ಪ್ರಶ್ನೆಯೂ ಇದೆ. ತೆರೆಯದ ವಯಲ್‌ಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು; ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತೆ. ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಯೂನಿಟ್ ಲೆಕ್ಕವೂ ಬೇರೆ. 2024ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ನಕಲಿ ಅಥವಾ ಸರಿಯಾಗಿ ಸಂಗ್ರಹಿಸದ ಇಂಜೆಕ್ಷನ್ ಪಡೆದವರು ಆಸ್ಪತ್ರೆ ಸೇರಿದ್ದರು. ಅಲ್ಲೇ ಹಾಗಾದರೆ, ಇಲ್ಲಿ ಚುಚ್ಚುವವರ ಅರ್ಹತೆ, ಬ್ರ್ಯಾಂಡು, ಬಿಲ್ಲು ಕೇಳೋದು ನಮ್ಮ ಹಕ್ಕು.

ಹಾಗಾದರೆ ಮಾಡೋದೇನು? ಮೊದಲು ದಂತವೈದ್ಯರ ತಪಾಸಣೆ. ಹಲ್ಲು ಸವೆಯುತ್ತಿದ್ದರೆ ರಾತ್ರಿ ಹಾಕಿಕೊಳ್ಳುವ ನೈಟ್ ಗಾರ್ಡ್. ಗೊರಕೆ, ಹಗಲು ತೂಕಡಿಕೆ ಇದ್ದರೆ ನಿದ್ದೆಯ ಪರೀಕ್ಷೆ. ವ್ಯಾಯಾಮ, ಚಟ ಬಿಡಿಸುವುದು, ಮನಸ್ಸಿನ ಒತ್ತಡಕ್ಕೆ ನೆರವು. ಇದ್ಯಾವುದಕ್ಕೂ ಬಗ್ಗದ ನೋವಿಗೆ ಇಂಜೆಕ್ಷನ್ ಯೋಚಿಸಬಹುದು.

ಈ ಸರಣಿ ಸಿಗಬೇಕಾದ್ದು ಸರ್ಕಾರಿ ವ್ಯವಸ್ಥೆಯಲ್ಲಿ. ಯಾದಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇರೋದು ಮುದನಾಳದಲ್ಲೇ, ಚಿತ್ತಾಪುರ ರಸ್ತೆಯಲ್ಲಿ. ದಂತ ವೈದ್ಯಕೀಯ ಕಾಲೇಜುಗಳಿಗೆ ಮಾತ್ರ ಇಲ್ಲಿನವರು ರಾಯಚೂರು ಇಲ್ಲವೇ ಕಲಬುರಗಿಗೆ ಹೋಗಬೇಕು. ಶಹಾಪುರ, ಸುರಪುರದ ಹಳ್ಳಿಯವರಿಗೆ ಅದು ಇಡೀ ದಿನದ ಅಲೆದಾಟ. ಸರ್ಕಾರ ದಂತಭಾಗ್ಯ ಯೋಜನೆಯಲ್ಲಿ ಬಡವರಿಗೆ ಉಚಿತ ಹಲ್ಲಿನ ಸೆಟ್ ಕೊಡುತ್ತದೆ, ಒಳ್ಳೆಯದೇ. ಆದರೆ ಅದು ಹಲ್ಲು ಹೋದ ಮೇಲಿನ ಮಾತು. ಇರುವ ಹಲ್ಲು, ಇರುವ ದವಡೆ ಉಳಿಸೋಕೆ ಮುದನಾಳದಲ್ಲಿ ನೈಟ್ ಗಾರ್ಡ್, ಬಾಯಿ ಕ್ಯಾನ್ಸರ್ ತಪಾಸಣೆ, ಚಟಬಿಡಿಸುವ ಆಪ್ತಸಮಾಲೋಚನೆ ಒಂದೇ ಕಡೆ ಸಿಗಬೇಕು. 371ಜೆ ವಿಶೇಷ ಸ್ಥಾನಮಾನದ ಈ ಭಾಗ ಕೇಳುತ್ತಿರೋದು ಐಷಾರಾಮಿ ಇಂಜೆಕ್ಷನ್ ಅಲ್ಲ, ಬಾಯಿ ತೆರೆಸಿ ಸರಿಯಾಗಿ ನೋಡುವ ವ್ಯವಸ್ಥೆ.