ಸಾಲಗಾರರ ಪಾಲು ಎಲ್ಲಿ ಹೋಯಿತು?

ರಮಝಾನಿನ ಕೊನೆಯ ಹತ್ತು ದಿನ ಬಂತೆಂದರೆ ನಮ್ಮ ಊರುಗಳಲ್ಲಿ ಉಳ್ಳವರ ಗೇಟಿನ ಮುಂದೆ ಸಾಲು ಹತ್ತುತ್ತದೆ. ಅಕ್ಕಿ, ಎಣ್ಣೆ, ಸಕ್ಕರೆ, ಖರ್ಜೂರದ ಕಿಟ್. ಕೆಲವೆಡೆ ಸೀರೆ, ಕೆಲವೆಡೆ ಐನೂರರ ನೋಟು. ಕೊಡುವವರ ಮನಸ್ಸಿನ ಬಗ್ಗೆ ನನಗೆ ಅನುಮಾನವಿಲ್ಲ. ಪಕ್ಕದಲ್ಲಿ ನಿಂತು ಫೋಟೊ ಹೊಡೆಯುವವರ ಬಗ್ಗೆ ಇದೆ.

ಈ ಹಂಚಿಕೆಯ ಹಿಂದಿರುವುದು ಝಕಾತ್, ಅಂದರೆ ಕಡ್ಡಾಯ ದಾನ. ಉಳ್ಳವರ ಸಂಪತ್ತಿನಲ್ಲಿ ಇಲ್ಲದವರಿಗೆ ಹಕ್ಕಿದೆ ಎಂಬುದು ಕುರ್‌ಆನಿನ ನಿಲುವು. ಪ್ರವಾದಿಯವರ ನಿಧನದ ನಂತರ ಕೆಲವು ಬುಡಕಟ್ಟುಗಳು ಝಕಾತ್ ಕೊಡಲೊಲ್ಲೆವು ಎಂದಾಗ ಮೊದಲ ಖಲೀಫ ಅಬೂಬಕರ್ ಆ ಬುಡಕಟ್ಟುಗಳ ಮೇಲೆ ಸೇನೆಯನ್ನೇ ಕಳಿಸಿದರು. ನಿಸಾಬ್ ಎಂಬ ಕನಿಷ್ಠ ಮಿತಿ ಮೀರಿ ವರ್ಷವಿಡೀ ಕೈಯಲ್ಲಿ ಉಳಿದ ಹಣದ ಶೇ 2.5 ಕೊಡಲೇಬೇಕು. ಯಾರಿಗೆ ಎಂಬುದನ್ನೂ ಕುರ್‌ಆನಿನ ಒಂಬತ್ತನೇ ಅಧ್ಯಾಯದ 60ನೇ ವಚನ ಎಂಟು ಬಾಬುಗಳಲ್ಲಿ ಹೇಳಿಬಿಟ್ಟಿದೆ. ಬಡವರು, ನಿರ್ಗತಿಕರು, ದಾರಿಯಲ್ಲಿ ಕೈ ಖಾಲಿಯಾದ ಪ್ರಯಾಣಿಕರ ಜೊತೆಗೆ ಅಲ್ಲಿ ಸಾಲಗಾರರೂ ಇದ್ದಾರೆ. ನಮ್ಮ ಕಿಟ್ ಹಂಚಿಕೆಯಲ್ಲಿ ಕಾಣದವರು ಇವರೇ.

ಮೈಕ್ರೋಫೈನಾನ್ಸ್ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಹೆಂಗಸರ ಗುಂಪಿಗೆ ಕೊಡುವ ಈ ಸಂಘದ ಸಾಲದ ಬಿಸಿ ಏನೆಂದು ನಮ್ಮ ಮೊಹಲ್ಲಾಗಳಿಗೂ ಗೊತ್ತು. ಒಬ್ಬಳ ಕಂತು ತಪ್ಪಿದರೆ ಉಳಿದವರು ತುಂಬಬೇಕು. ತುಂಬುವ ತನಕ ವಸೂಲಿಯವನು ಜಗಲಿ ಬಿಟ್ಟು ಏಳುವುದಿಲ್ಲ. ಗಂಡನ ಆಪರೇಷನ್ನಿಗೆ ತೆಗೆದ ಸಾಲ ತೀರಿಸಲು ಇನ್ನೊಂದು ಸಂಘ, ಅದನ್ನು ತೀರಿಸಲು ಕಿವಿಯೋಲೆ.

ಹತ್ತು ಲಕ್ಷ ಉಳಿತಾಯ ಇರುವವರ ಝಕಾತ್ 25,000 ರೂಪಾಯಿ. ಸಾವಿರದ ಕಿಟ್ ಆದರೆ 25 ಮನೆಗೆ ಹೋಗುತ್ತದೆ, ಹಬ್ಬ ಕಳೆದು ವಾರಕ್ಕೆ ಮುಗಿಯುತ್ತದೆ. ಅದೇ ದುಡ್ಡಿನಲ್ಲಿ ಒಬ್ಬ ಹೆಂಗಸು ಒಂದು ಸಂಘದ ಸಾಲದಿಂದ ಪೂರ್ತಿ ಹೊರಬರಬಹುದು. ಹಸಿದವರಿಗೆ ಅಕ್ಕಿ ಬೇಡ ಎನ್ನುತ್ತಿಲ್ಲ. ಇಡೀ ಊರಿನ ಝಕಾತ್ ಅಕ್ಕಿಯಾಗಿಯೇ ಹೋಗುವುದಕ್ಕೆ ನನ್ನ ತಕರಾರು.

ಬಡ್ಡಿ ಸಾಲ ತೀರಿಸಿದರೆ ಬಡ್ಡಿಯವನನ್ನೇ ಸಾಕಿದಂತಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಣ್ಣದಲ್ಲ. ಆದರೆ ಆಸ್ಪತ್ರೆ ಬಿಲ್ಲಿಗೆ ದುಡ್ಡು ಹುಡುಕುತ್ತಿದ್ದಾಗ ಆ ಹೆಂಗಸಿಗೆ ಬಡ್ಡಿಯಿಲ್ಲದ ಸಾಲ ಕೊಡಲು ಜಮಾಅತ್‌ನಲ್ಲಿ ಯಾವ ನಿಧಿ ಇತ್ತು? ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಿ, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎನ್ನುತ್ತದೆ ಕುರ್‌ಆನಿನಲ್ಲಿ ಬಡ್ಡಿಯನ್ನು ನಿಷೇಧಿಸಿದ ಅದೇ ಅಧ್ಯಾಯ.

ಸಾಲ ಮಾಡಿದವರು ಗೇಟಿನ ಮುಂದೆ ಬಂದು ನಿಲ್ಲುವುದಿಲ್ಲ, ಮಾನಕ್ಕೆ ಅಂಜುತ್ತಾರೆ. ಮಸೀದಿ ಕಮಿಟಿಯೇ ರಮಝಾನಿಗೆ ಮೊದಲಿನ ಶಾಬಾನ್ ತಿಂಗಳಲ್ಲಿ, ಸದ್ದಿಲ್ಲದೆ, ಮನೆಯ ಹೆಂಗಸರ ಮೂಲಕ ಅವರ ಪಟ್ಟಿ ಮಾಡಬೇಕು. ಹಣವನ್ನು ನೇರವಾಗಿ ಸಾಲದ ಖಾತೆಗೆ ಕಟ್ಟಿ ರಸೀದಿಯನ್ನು ಅವರ ಕೈಗೆ ಕೊಟ್ಟರಾಯಿತು.